ಸಂಘದಲ್ಲಿ ಶ್ರಮ ಅಳೆದದ್ದು

ಮೆಲ್ಕಾರಿನ ಒಂದು ಸಹಕಾರಿ ಸಂಘದಲ್ಲಿ ಸಿಬ್ಬಂದಿಯ ಸಂಬಳವನ್ನು ಇನ್ನು ಮುಂದೆ ಮುಗಿಸಿದ ಕೆಲಸದ ಮೇಲಲ್ಲ, ಕಣ್ಣಿಗೆ ಕಾಣುವ ಶ್ರಮದ ಮೇಲೆ ನಿಗದಿಪಡಿಸತಕ್ಕದ್ದೆಂದು ಆಡಳಿತ ಮಂಡಳಿ ಸರ್ವಾನುಮತದಿಂದ ತೀರ್ಮಾನಿಸಿತು. ಶ್ರಮವನ್ನು ನೋಡಲು ಮೂವರ ಸಮಿತಿಯೂ, ಸಮಿತಿಗೆ ಚಹಾ ಗೋಳಿಬಜೆಯೂ ಮಂಜೂರಾದವು.

ಸಾಲ ವಿಭಾಗದ ಕ್ಲರ್ಕ್ ಪ್ರೇಮಾವತಿಗೆ ಇದರಿಂದ ಹೆದರಿಕೆಯೇನೂ ಆಗಲಿಲ್ಲ. ಹನ್ನೊಂದು ವರ್ಷದಲ್ಲಿ ಅವಳ ಮೇಜಿನ ಮೇಲೆ ಒಂದು ಅರ್ಜಿಯೂ ಮರುದಿನಕ್ಕೆ ಉಳಿದದ್ದಿಲ್ಲ. ಪಕ್ಕದ ಮೇಜಿನ ರಂಜಿತ್ ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ಠೇವಣಿ ವಿಭಾಗದ ಫೈಲುಗಳು ಅವನ ಗಲ್ಲದವರೆಗೆ ಬೆಳೆದಿದ್ದವು. ಸಂಜೆ ಏಳೂವರೆಯ ಬಸ್ಸಿನವರೆಗೂ ಅವುಗಳ ಹಿಂದೆ ಕುಳಿತು ನಿಟ್ಟುಸಿರು ಬಿಡುತ್ತಿದ್ದ.

ಸಮಿತಿಯ ವರದಿ ಬಂತು. ರಂಜಿತನಿಗೆ ನಾಲ್ಕು ಸಾವಿರ ಏರಿತು. ಪ್ರೇಮಾವತಿಯ ಹೆಸರಿನ ಮುಂದೆ ‘ಮೇಜು ಖಾಲಿ. ಮುಖದಲ್ಲಿ ಆಯಾಸವಿಲ್ಲ. ಐದಕ್ಕೆ ಮನೆ’ ಎಂದಿತ್ತು.

ಅವಳು ಮ್ಯಾನೇಜರ್ ನಿತ್ಯಾನಂದರ ಕೋಣೆಗೆ ಹೋದಳು.

“ಸರ್, ಮೇಜು ಖಾಲಿ ಉಂಟಲ್ಲ, ಅದು ಕೆಲಸ ಮುಗಿದದ್ದಕ್ಕೆ.”

“ಮುಗಿದದ್ದು ಕಾಣುವುದಿಲ್ಲ ಪ್ರೇಮಕ್ಕ, ಮಾಡುವುದು ಮಾತ್ರ ಕಾಣುವುದು,” ಎಂದರು ನಿತ್ಯಾನಂದರು. “ನಿಮಗೆ ಎಲ್ಲ ಸುಲಭದಲ್ಲಿ ಆಗ್ತದೆ. ಸುಲಭದ ಕೆಲಸಕ್ಕೆ ಹೆಚ್ಚು ಕೊಟ್ಟರೆ ಆಡಿಟಿನವರು ಕೇಳ್ತಾರೆ.”

ಮಗಳು ದೀಕ್ಷಿತಾಳ ಉಜಿರೆಯ ಹಾಸ್ಟೆಲ್ ಫೀಸು ಪ್ರೇಮಾವತಿಯ ಕಣ್ಣ ಮುಂದೆ ಬಂತು. ಮರುದಿನ ಅವಳು ಕಪಾಟಿನಿಂದ ಹಳೆಯ ಫೈಲುಗಳನ್ನು ಇಳಿಸಿ ಮೇಜಿನ ಮೇಲೆ ಒಟ್ಟಿ, ಏಳೂವರೆಯವರೆಗೆ ಕುಳಿತಳು. ಮೊದಮೊದಲು ನಾಚಿಕೆಯಾಯಿತು. ವಾರ ಕಳೆಯುವಷ್ಟರಲ್ಲಿ ನಿಟ್ಟುಸಿರು ತಾನಾಗಿಯೇ ಬರತೊಡಗಿತು.

ಸಮಿತಿ ಇದನ್ನು ಕೂಡಲೇ ಗಮನಿಸಿತು. ‘ಸದರಿ ಮಹಿಳಾ ಸಿಬ್ಬಂದಿಗೆ ಕೆಲಸವು ಹೊರೆಯಾಗಿರುವುದು ಕಂಡುಬಂದಿದೆ. ಮನೆಯಲ್ಲಿ ತಾಪತ್ರಯವಿರಬಹುದು. ಮಾನವೀಯ ನೆಲೆಯಲ್ಲಿ ಸಾಲ ವಿಭಾಗವನ್ನೂ ರಂಜಿತ್ ಅವರಿಗೇ ವಹಿಸಿ, ಇವರ ಸಂಬಳವನ್ನು ಹಗುರಗೊಳಿಸತಕ್ಕದ್ದು.’

ಆದೇಶ ಬಂದ ನಾಲ್ಕನೇ ದಿನ ರಂಜಿತ್ ಅವಳ ಮೇಜಿಗೆ ಬಂದ. “ಅಕ್ಕ, ಸಾಲದ ಅರ್ಜಿಯ ತಲೆಬುಡ ನನಗೆ ಗೊತ್ತಿಲ್ಲ. ನೀವು ಮಾಡಿ ಕೊಡ್ತೀರಾ? ಸಂಜೆ ಕೂತುಕೊಳ್ಳುವುದು ನಾನು ಕೂತುಕೊಳ್ತೇನೆ.”

ಅವನ ಮಾತಿನಲ್ಲಿ ಕಪಟವಿರಲಿಲ್ಲ. ರಿಕ್ಷಾ ಸಾಲಕ್ಕೆಂದು ಮೂರನೇ ಸಲ ಬಂದಿದ್ದ ಹುಕ್ರಪ್ಪ ಬೆಂಚಿನಲ್ಲಿ ಕಾಯುತ್ತಿದ್ದ. ಪ್ರೇಮಾವತಿ ಅವನ ಮುಖ ನೋಡಿದಳು, ಅರ್ಜಿಯನ್ನು ತನ್ನತ್ತ ಎಳೆದುಕೊಂಡಳು.

ವಾರ್ಷಿಕ ಮಹಾಸಭೆಯಲ್ಲಿ, ಎರಡು ವಿಭಾಗಗಳ ಭಾರವನ್ನು ಒಬ್ಬನೇ ಹೊತ್ತ ರಂಜಿತನಿಗೆ ಶಾಲು ಹೊದಿಸಲಾಯಿತು. ಹುಕ್ರಪ್ಪ ಎದ್ದು ನಿಂತು ಅವನಿಗೆ ಕೈಮುಗಿದ. ಸನ್ಮಾನಪತ್ರವನ್ನು ಬರೆದದ್ದೂ ಓದಿದ್ದೂ ಪ್ರೇಮಾವತಿ. ಭಾಷೆ ಬಹಳ ಚಂದವಾಗಿದೆಯೆಂದು ಅಧ್ಯಕ್ಷರು ಮೆಚ್ಚಿದರು. ಮುಂದಿನ ವರ್ಷದ್ದನ್ನೂ ಈಗಲೇ ಬರೆದಿಡಬೇಕೆಂದೂ ಹೆಸರು ಬದಲಿಸುವ ಅಗತ್ಯವಿಲ್ಲವೆಂದೂ ಅವಳಿಗೆ ಸೂಚಿಸಲಾಯಿತು.

“ಆಗಬಹುದು ಸರ್, ನಾಳೆ ಹತ್ತು ಗಂಟೆಗೆ ಕೊಡ್ತೇನೆ,” ಎಂದಳು ಪ್ರೇಮಾವತಿ.