ಭಾಳ ಬ್ಯಾಡ್ರಿ

ಎರಡು ಭಾಷೆಗಳ ನಡುವೆ ನಿಂತು ಹೊಟ್ಟೆ ಹೊರೆಯುವ ನನ್ನಂಥವಳಿಗೆ ತಲೆ ಕೆಡದ ದಿನವೇ ಇಲ್ಲ. ನಾನು ಮಂಡ್ಯದವಳು, ಪುಣೆಯ ಶಿವಾಜಿನಗರದಲ್ಲಿ ವಕೀಲೆ. ವಿಚ್ಛೇದನ ಕೇಳುವ ಗಂಡ ಹೆಂಡಿರ ಮಾತನ್ನು ವಿಚಾರಣೆಗೆ ಮೊದಲೇ ಕೇಳಿಸಿಕೊಂಡು, ಕೋರ್ಟಿಗೆ ಹೋದರೆ ಏನಾದೀತು ಎಂದು ಹೇಳುವ ನಿವೃತ್ತ ನ್ಯಾಯಾಧೀಶರೊಬ್ಬರು ಇಲ್ಲಿದ್ದಾರೆ. ಮರಾಠಿಯವರು. ಕನ್ನಡದವರು ಬಂದರೆ ನನ್ನನ್ನು ಕರೆಸುತ್ತಾರೆ. ಹಾಗೆ ಬಂದದ್ದು ಕಲಬುರಗಿ ಕಡೆಯ ಒಂದು ಜೋಡಿ. ಗಂಡನಿಗೆ ಪುಣೆ ಜಿಲ್ಲೆಯ ಕುರಕುಂಭದ ಕಾರ್ಖಾನೆಯಲ್ಲಿ ಕೆಲಸ, ಅಲ್ಲೇ ಒಂದಿಷ್ಟು ಮರಾಠಿ ಕಲಿತಿದ್ದ. ಮನೆಗೆ ಬಂದರೆ ತುಟಿಪಿಟಕ್ಕೆನ್ನುವುದಿಲ್ಲ ಅಂತ ಹೆಂಡತಿ ಡೈವೋರ್ಸ್ ಕೇಳಿದ್ದಳು.

ಪಾಸೋ ಫೇಲೋ

ನ್ಯಾಯಾಧೀಶ ಸಾಹೇಬರ ಪರಿಚಯ ಮಾಡಿಸಬೇಕಲ್ಲ, ಅವರ 'ಇವ್ಯಾಲ್ಯುಯೇಟರ್' ಹುದ್ದೆಯನ್ನು ಕನ್ನಡಕ್ಕೆ ತಂದು "ಇವರು ಮೌಲ್ಯಮಾಪಕರು" ಅಂದೆ. ಗಂಡ ನೆಟ್ಟಗೆ ಕೂತ.

"ಮಾರ್ಕ್ಸ್ ಹಾಕ್ತಾರೇನ್ರಿ?"

"ಇಲ್ಲಪ್ಪ, ಇಬ್ಬರ ಮಾತೂ ತೂಗಿ ನೋಡ್ತಾರೆ."

ಆತ ತುಸು ಯೋಚಿಸಿ ಕೇಳಿದ: "ಡೈವೋರ್ಸ್ ಪಾಸಾದವ್ರಿಗಿ ಕೊಡ್ತಾರೋ, ಫೇಲಾದವ್ರಿಗೋ?"



ಸೋಡಾ

ಸಾಹೇಬರು ಹೆಂಡತಿಗೆ ಮರಾಠಿಯಲ್ಲೇ ಬುದ್ಧಿ ಹೇಳಿದರು: "ರಾಗ ಸೋಡಾ, ಹಟ್ಟ ಸೋಡಾ." ಸಿಟ್ಟು ಬಿಡಿ, ಹಟ ಬಿಡಿ ಅಂತ. ನಾನು ಕನ್ನಡಕ್ಕೆ ತರುವಷ್ಟರಲ್ಲಿ ಆಕೆ ಕೈಮುಗಿದಳು.

"ಎರಡೆರಡು ಸಲ ಕೇಳಬ್ಯಾಡ್ರಿ ಸಾಹೇಬ್ರ, ಸೋಡಾ ಒಲ್ಲೆ. ಚಾ ಆದ್ರ ಕುಡೀತೀನಿ."

ಚಹಾ ತರಿಸಿದೆವು. ಕುಡಿದಳು. ಸಿಟ್ಟು ಹಾಗೇ ಇತ್ತು.

ಕೂಸು ಯಾರಿಗೆ?

ಇನ್ನೊಂದು ದಿನ ಫೋನ್ ಬಂತೆಂದು ಹೊರಗೆ ಹೋಗಿದ್ದೆ. ಅಷ್ಟು ದಿನಗಳಲ್ಲಿ ಸಾಹೇಬರಿಗೆ ಕನ್ನಡದ 'ಬೇಕು', 'ಬ್ಯಾಡ' ಬಂದಿತ್ತು. ಜೊತೆಗೆ ಧೈರ್ಯವೂ ಬಂದಿತ್ತು. ಏನು ಬೇಕು ಅಂತ ಹೆಂಡತಿಯನ್ನು ತಾವೇ ಕೇಳಿದರಂತೆ. "ನನಗ ಭಾಳ ಬ್ಯಾಡ್ರಿ" ಅಂದಳಂತೆ. ಮರಾಠಿಯಲ್ಲಿ ಬಾಳ ಅಂದರೆ ಕೂಸು. ಸಾಹೇಬರು ಹೌಹಾರಿ, ಇವಳಿಗೆ ಕೂಸು ಬೇಡವಂತೆ, ನೀನು ಇಟ್ಟುಕೊಳ್ತೀಯಾ ಅಂತ ಗಂಡನನ್ನು ಮರಾಠಿಯಲ್ಲಿ ಕೇಳಿದರಂತೆ.

ನಾನು ಒಳಗೆ ಬಂದಾಗ ಆತ ಎದ್ದು ನಿಂತಿದ್ದ. ಮಕ್ಕಳಿನ್ನೂ ಆಗಿರಲಿಲ್ಲವಲ್ಲ, ಹೆಂಡತಿ ಬಸುರಿ, ತನಗೊಬ್ಬನಿಗೇ ಹೇಳಿಲ್ಲ ಅಂದುಕೊಂಡಿದ್ದ, ಪಾಪ.

"ಕೂಸೂ ಬೇಕ್ರಿ, ಆಕಿನೂ ಬೇಕ್ರಿ! ಮನ್ಯಾಗ ಮಾತಾಡ್ತೀನ್ರಿ, ದಿನಾ ಮಾತಾಡ್ತೀನ್ರಿ!"

"ಯಾವ ಕೂಸು?" ಹೆಂಡತಿ ಕಣ್ಣರಳಿಸಿದಳು. "ಭಾಳ ಏನೂ ಬ್ಯಾಡ, ನಾಕ ಮಾತಾಡಿದ್ರ ಸಾಕು ಅಂದೆ ನಾ!"

ಹೇಳಿದವಳೇ ನಕ್ಕಳು, ನಗುತ್ತಲೇ ಅತ್ತಳು. ನನಗೂ ಕಣ್ಣು ತುಂಬಿತು. ಡೈವೋರ್ಸ್ ಬ್ಯಾಡ್ರಿ ಅಂತ ಹೇಳಿ ಇಬ್ಬರೂ ವಟವಟ ಮಾತಾಡುತ್ತ ಹೊರಟರು.

ಸಾಹೇಬರು ಮಾತ್ರ ನನ್ನನ್ನು ತಡೆದು ಮೆಲ್ಲಗೆ ಕೇಳಿದರು: "ಎಲ್ಲಾ ಸರಿ, ಕೂಸು ಎಲ್ಲಿ?"

"ಸ್ವಲ್ಪ ಟೈಮ್ ಕೊಡಿ ಸರ್" ಅಂದೆ.