ತಟಸ್ಥ ಅಂದರೇನು ಮೇಷ್ಟ್ರೇ?

ದೂರದ ದೇಶಗಳ ಮಾತು ಹುಣಸೂರಿಗೆ ಬಂದರೆ ಸುಮ್ಮನೆ ಪೇಪರಿನಲ್ಲಿ ಕೂರುವುದಿಲ್ಲ, ಯಾರ ಮನೆಗಾದರೂ ನುಗ್ಗುತ್ತದೆ. ಯುರೋಪಿನಲ್ಲಿ ಎರಡನೇ ಸಲ ಯುದ್ಧ ಹತ್ತಿಕೊಂಡಾಗ ನಾನಲ್ಲಿ ಪ್ರೈಮರಿ ಮೇಷ್ಟ್ರು. ಬೆಳಿಗ್ಗೆ ಕಾಫಿ ಹೋಟೆಲಿನ ಜಗಲಿಯಲ್ಲಿ ಕೂತು ಪೇಪರ್ ಓದಿ ಹೇಳುತ್ತಿದ್ದೆ.

ಹೋಟೆಲಿನಲ್ಲಿ

‘ತಟಸ್ಥ ರಾಷ್ಟ್ರ’ ಎಂದು ಓದಿದೆ. ಬಾಡಿಗೆ ಗಾಡಿ ಹೊಡೆಯುವವನೊಬ್ಬ ದಿನಾ ಬರುತ್ತಿದ್ದ.

“ಅಂಗಂದ್ರೇನು ಮೇಷ್ಟ್ರೇ?”

“ಯಾರ ಕಡೆಗೂ ಸೇರದೆ ಇರೋದು.”

“ಇಬ್ರತ್ರಾನೂ ಮಾತು ಬುಟ್ಟವ್ರಾ?”

“ಇಲ್ಲಪ್ಪ. ಇಬ್ಬರ ಹತ್ತಿರವೂ ಮಾತಾಡ್ತಾರೆ, ಇಬ್ಬರಿಗೂ ಸಾಮಾನು ಮಾರ್ತಾರೆ.”

“ಅಂಗನ್ನಿ. ಕೋರ್ಟಿಗೆ ಬಂದ ಅಣ್ತಮ್ಮಂದ್ರು ಇಬ್ರಿಗೂ ದ್ವಾಸೆ ಆಕ್ತಾರಲ್ಲ, ನಮ್ಮ ಓಟ್ಲು ಸ್ವಾಮ್ಯೋರು, ಅಂಗೆ.”

ಒಳಗಿನಿಂದ ಹೋಟೆಲಿನ ಸ್ವಾಮಿಗಳು, “ಮುಂದಿನ ಸುದ್ದಿ ಓದ್ರೀ ಮೇಷ್ಟ್ರೇ” ಎಂದರು.

ಗಾಡಿಯವನ ಮನೆಯಲ್ಲಿ

ಅವನ ತಾಯಿಗೂ ಹೆಂಡತಿಗೂ ಬಸ್ಸಾರಿನ ಹುಳಿಯ ಮೇಲೆ ಜಗಳ. “ನೀನೇ ಯೋಳ್ಲಾ, ಹುಳಿ ಎಚ್ಚಾಗೈತೋ ಇಲ್ವೋ?” ಎಂದಳು ತಾಯಿ. ಹೆಂಡತಿಯೂ ಸೌಟು ಹಿಡಿದು ಕಾದಳು. ಯಾರ ಪರ ಹೇಳಿದರೂ ಆವತ್ತಿನ ಊಟ ಹೋಯಿತು.

“ನಾನು ತಟಸ್ಥ ಕಣವ್ವ” ಎಂದು ಕಣ್ಣು ಮುಚ್ಚಿ ಕೂತುಬಿಟ್ಟ.

ಆ ಪದವನ್ನು ಇಬ್ಬರೂ ಹಿಂದೆಂದೂ ಕೇಳಿದವರಲ್ಲ. ತಾಯಿ ಹಣೆ ಮುಟ್ಟಿದಳು. ಹೆಂಡತಿ ಕಂಬಳಿ ತಂದಳು.

“ಜಗಳ ನಿಂತೋಯ್ತು ಮೇಷ್ಟ್ರೇ” ಎಂದ ನನ್ನ ಹತ್ತಿರ. “ಇಬ್ರೂ ಒಂದಾಗಿ ಕಷಾಯ ಕಾಸಿ ಕುಡಿಸ್ತಾವ್ರೆ. ಇದು ಕಾಯಿಲೆ ಅಲ್ಲ ಅಂತ ನೀವಾದ್ರೂ ಬಂದು ಯೋಳಿ.”

ಹೋಗಿ ಹೇಳಿದೆ. “ನಿಮ್ಗೂ ಮುಖ ಬಾಡೈತೆ” ಎಂದು ನನಗೂ ಒಂದು ಲೋಟ ಕೊಟ್ಟರು.

ಹೊಳೆಯ ದಂಡೆಯಲ್ಲಿ

ಒಂದು ಭಾನುವಾರ ಲಕ್ಷ್ಮಣತೀರ್ಥದ ದಂಡೆಯಲ್ಲಿ ಗಾಡಿಯವನ ಜೊತೆ ನಿಂತಿದ್ದೆ. ಮೊಣಕಾಲುದ್ದದ ನೀರಿನಲ್ಲಿ ಎರಡು ಕೋಣ ಕೊಂಬಿಗೆ ಕೊಂಬು ಹಾಕಿದ್ದವು. ಪಾಠ ಮಾಡಲು ಇದಕ್ಕಿಂತ ಒಳ್ಳೇ ಸಮಯ ಸಿಗದು ಅನ್ನಿಸಿತು.

“ನೋಡಪ್ಪ, ತಟ ಅಂದರೆ ದಡ. ದಡದ ಮೇಲೆ ನಿಂತು ನೋಡೋನು ತಟಸ್ಥ. ಈಗ ನಾವಿಬ್ಬರೂ...”

ಅಷ್ಟರಲ್ಲಿ ಸೋತ ಕೋಣ ನಮ್ಮ ಕಡೆಗೇ ದಡ ಹತ್ತಿತು. ಅದರ ಹಿಂದೆಯೇ ಗೆದ್ದದ್ದು. ಗಾಡಿಯವನು ಹೊಂಗೆ ಮರ ಏರಿದ. ನಾನು ಪಂಚೆ, ಕೋಟು, ಪೇಟ ಸಮೇತ ಹೊಳೆಗೆ ಹಾರಿದೆ.

ಕೋಣಗಳೆರಡೂ ದಡದಲ್ಲಿ ನಿಂತು ಏದುಸಿರು ಬಿಡುತ್ತಾ ನನ್ನನ್ನೇ ನೋಡತೊಡಗಿದವು.

ಮರದ ಮೇಲಿಂದ ಗಾಡಿಯವನು ನಿಧಾನವಾಗಿ ಕೇಳಿದ: “ಮೇಷ್ಟ್ರೇ, ಈಗ ಕೋಣಗಳೇ ತಟಸ್ಥ ಆದ್ವು ಅಲ್ವರಾ?”