ರಾಶಿಯ ಮುಂದೆ ಸೊನ್ನೆ

ಪುರ್ತಗೇರಿಯ ಹಾಲೇಶ ಆ ದಿನ ಕೆಟ್ಟದ್ದು ಒಂದು ಸೊನ್ನೆಯಿಂದ.

ಬಿ.ಎಸ್ಸಿ.ಗೆ ಗಣಿತ ತಗೊಂಡ ಹುಡುಗ. ಹಾಳೆಯ ಮೇಲೆ ಎಂಥ ಲೆಕ್ಕ ಕೊಟ್ಟರೂ ಬೆಣ್ಣೆಯೊಳಗಿನ ಕೂದಲು ತೆಗೆದಂತೆ ಬಿಡಿಸುತ್ತಿದ್ದ. ಆದರೆ ಗಣಿತದವರೂ ಪ್ರೋಗ್ರಾಮಿಂಗ್ ಕಲಿಯಬೇಕು ಎಂದು ಹೊಸ ಪೇಪರ್ ಬಂದಾಗಿನಿಂದ, ಒದೆಯುವ ಎಮ್ಮೆಯ ಕೆಳಗೆ ಚರಿಗೆ ಹಿಡಿದು ಕೂತ ಹೊಸ ಸೊಸೆಯಂತಾಗಿದ್ದ. ಇದೊಂದು ಪಾಸಾದರೆ ಸಾಕು, ಸಾಯುವ ತನಕ ಕಂಪ್ಯೂಟರ್ ಲ್ಯಾಬಿನ ಕಡೆ ತಲೆಯಿಟ್ಟು ಮಲಗುವುದಿಲ್ಲ ಎಂದು ಮನಸ್ಸಿನಲ್ಲೇ ಆಣೆ ಹಾಕಿಕೊಂಡಿದ್ದ.

ಕಲಿಸುವ ಮಹೇಶ್ವರಿ ಮೇಡಂ ಕಡೆಯ ಪರೀಕ್ಷೆಯನ್ನು ಬೇರೆಯೇ ಥರ ಇಟ್ಟಿದ್ದರು. "ನಿಮ್ಮೂರಾಗ ಯಾರಿಗರ ಉಪಯೋಗ ಆಗೂ ಪ್ರೋಗ್ರಾಂ ಬರೀರಿ. ನಾನ ಬಂದು ನೋಡ್ತೀನಿ. ನಡೀಲಿಲ್ಲಂದ್ರ ಬರೂ ವರ್ಷ ಮತ್ತ ಇದ ಪೇಪರ್."

ಮೇಡಂ ಸಂಜೆಗೆ ಗಜೇಂದ್ರಗಡದಿಂದ ಬರುವವರಿದ್ದರು. ಹಾಲೇಶ ಮೊಬೈಲಿನಲ್ಲೇ ಪ್ರೋಗ್ರಾಂ ಬರೆದುಕೊಂಡು, ಕಡಲೆ ರಾಶಿ ಅಳೆಯುತ್ತಿದ್ದ ಕಾಕಾ ಯಮನೂರಪ್ಪನ ಕಣಕ್ಕೆ ಹೋದ. ಕೊಳಗ ಸುರಿದಾಗಲೆಲ್ಲ ಗುಂಡಿ ಒತ್ತಿದರೆ ಮೊಬೈಲು ಎಣಿಸಿ ಹೇಳಬೇಕು. ಅಷ್ಟೇ ಕೆಲಸ.

ಕಾಕಾ ರಾಶಿಗೆ ಕೈಮುಗಿದು ಮೊದಲ ಕೊಳಗ ಸುರಿದ. ಹಾಲೇಶ ಗುಂಡಿ ಒತ್ತಿದ. ಮೊಬೈಲು ಕಣಕ್ಕೆಲ್ಲ ಕೇಳುವಂತೆ "ಸೊನ್ನೆ" ಎಂದಿತು.

ಕಾಕಾನ ಕೈ ಅಲ್ಲೇ ನಿಂತಿತು. "ಲೇ ಹಾಲ್ಯಾ, ತುಂಬಿದ ರಾಶಿ ಮುಂದ ಸೊನ್ನಿ ಅಂತಾರೇನೋ?"

"ಕಂಪ್ಯೂಟರ್ ಸೊನ್ನಿಯಿಂದನ ಎಣಸ್ತೈತಿ ಕಾಕಾ."

ಬಾಜೂ ಹೊಲದ ಮುದುಕಿ ಗಾಳೆವ್ವ ಅಲ್ಲೇ ಕೂತಿದ್ದಳು. "ಯಾಕ, ಅದರ ಮನ್ಯಾಗ ಬುದ್ಧಿ ಹೇಳಾಕ ಹಿರ್ಯಾರಿಲ್ಲೇನು?" ಎಂದಳು.

ಹಾಲೇಶ ತಿದ್ದಿದ. ಈ ಸಲ ಮೊಬೈಲು "ಒಂದು" ಎಂದಿತು. ಅಳತೆ ನೋಡಲು ಬಂದಿದ್ದ ಎದುರು ಮನೆಯ ಹನಮಪ್ಪ ತಲೆ ಕೊಡವಿದ. "ಮೊದಲನೇ ಕೊಳಗಕ್ಕ ಲಾಭ ಅನ್ನಬೇಕೋ ತಮ್ಮಾ. ಆಮ್ಯಾಲೆ ಎರಡು, ಮೂರು. ಕಾಲೇಜಿನಾಗ ಇಷ್ಟೂ ಕಲಸಿಲ್ಲೇನು?"

"ಕಡೀಕ ಏನಂತೈತಿ ಅದು?" ಗಾಳೆವ್ವ ಕೇಳಿದಳು.

"ಮುಗೀತು ಅಂತೈತಿ ಆಯಿ."

"ಹೋಗು, ಬಾಯಿ ತೊಳಕೊಂಡು ಬಾ. ರಾಶಿ ಮುಗೀಬಾರದು. ಹೆಚ್ಚಾತು ಅನ್ನಬೇಕು."

ಮೂವರೂ ಹೆಗಲ ಮೇಲಿಂದ ಬಗ್ಗಿ ನೋಡುತ್ತಿರುವಾಗ ಹಾಲೇಶ ಬೆವರುತ್ತಾ ತಿದ್ದತೊಡಗಿದ. 'ಲಾಭ' ಎನ್ನುವ ಸಾಲು ಇರಬೇಕಾದ ಕಡೆ ಇರದೆ, ಮತ್ತೆ ಮತ್ತೆ ನಡೆಯುವ ಸಾಲುಗಳ ನಡುವೆ, ಅಂಕಿ ಹೇಳುವ ಸಾಲಿನ ಜಾಗಕ್ಕೇ ಹೋಗಿ ಕೂತಿತು. 'ಮುಗೀತು' ಅಳಿಸುವ ಗಡಿಬಿಡಿಯಲ್ಲಿ, ಗುಂಡಿಗಾಗಿ ಕಾಯುವ ಸಾಲೂ ನಿಲ್ಲುವ ಸಾಲೂ ಅಳಿಸಿಹೋದವು.

ಮೊಬೈಲು "ಲಾಭ" ಎಂದಿತು. ಕಾಕಾನ ಮುಖ ಅರಳಿತು. ಯಾರೂ ಮುಟ್ಟದೆಯೇ ಅದು ಮತ್ತೆ "ಲಾಭ" ಎಂದಿತು. ಆಮೇಲೆ ಬೀಸುಕಲ್ಲಿಗೆ ಬಾಯಿ ಬಂದಂತೆ, ಲಾಭ, ಲಾಭ, ಲಾಭ ಎಂದು ತಡೆಯಿಲ್ಲದೆ ಶುರುವಾಯಿತು.

ಹಾಲೇಶ ಬಂದ್ ಮಾಡಲು ಹೋದರೆ ಕಾಕಾ ಮೊಬೈಲು ಕಸಿದು ರಾಶಿಯ ನೆತ್ತಿಯ ಮೇಲೆ ಕೂರಿಸಿದ. "ಮುಟ್ಟೀದಿ ಅಂದ್ರ ನೋಡು. ಇಂಥಾ ಬಾಯಿ ನಮ್ಮ ಮನಿತನದಾಗ ಯಾರಿಗೂ ಇದ್ದಿಲ್ಲ."

ಸುತ್ತಲಿನ ಕಣದವರೆಲ್ಲ ಓಡಿಬಂದರು. ನಮ್ಮ ರಾಶಿಗೂ ಕೊಡು ಎಂದು ಒಬ್ಬ, ನನ್ನದು ಮೊದಲು ಎಂದು ಇನ್ನೊಬ್ಬ. ಆ ಜಗ್ಗಾಟದ ನಡುವೆ ಸ್ಕೂಟಿ ಬಂದು ನಿಂತಿತು. ಇಳಿದವರು ಮಹೇಶ್ವರಿ ಮೇಡಂ. ಹಾಲೇಶನ ಮುಖ ಹುಳಿ ಮಜ್ಜಿಗೆ ಕುಡಿದವನ ಹಾಗಾಯಿತು.

ಮೇಡಂ ಸ್ವಲ್ಪ ಹೊತ್ತು ಕೇಳಿದರು. ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಕಾಕಾನನ್ನು ಕೇಳಿ ಮೊಬೈಲು ಇಳಿಸಿಕೊಟ್ಟರು. "ಹಾಲೇಶ, ಗಾಬರಿ ಆಗಬ್ಯಾಡ. ಒಮ್ಮೆ ಅನ್ನೂದು ಯಾವುದು, ಮತ್ತ ಮತ್ತ ಅನ್ನೂದು ಯಾವುದು, ಅಷ್ಟ ವಿಚಾರ ಮಾಡು."

ಹಾಲೇಶ ಚೀಲದ ಮೇಲೆ ಕೂತ. ಕಾಕಾ ಕೈಮುಗಿದದ್ದು ಒಮ್ಮೆ, 'ಲಾಭ' ಅನ್ನುವುದೂ ಒಮ್ಮೆ. ಅದು ಮೊದಲಿಗೆ, ಮತ್ತೆ ಮತ್ತೆ ನಡೆಯುವ ಸುತ್ತಿನ ಹೊರಗೆ. ಕೊಳಗ ತುಂಬುವುದು, ಸುರಿಯುವುದು ಮತ್ತೆ ಮತ್ತೆ. ಅದು ಸುತ್ತಿನ ಒಳಗೆ. 'ಹೆಚ್ಚಾತು' ಸುತ್ತು ದಾಟಿದ ಮೇಲೆ. ವರ್ಷವಿಡೀ ಹಲಗೆಯ ಮೇಲೆ ನೋಡಿ ತಲೆಗೆ ಹತ್ತದೆ ಇದ್ದದ್ದು ಕಡಲೆಯ ಧೂಳಿನಲ್ಲಿ ನಿಚ್ಚಳವಾಯಿತು. ಬೆರಳುಗಳು ಯಾರನ್ನೂ ಕೇಳದೆ ಓಡಿದವು.

ಅಳತೆ ಮತ್ತೆ ಮೊದಲಿನಿಂದ ಶುರುವಾಯಿತು. "ಲಾಭ," ಎಂದಿತು ಮೊಬೈಲು. "ಎರಡು. ಮೂರು." ರಾಶಿ ಬರಿದಾಗಬಾರದೆಂದು ಕಾಕಾ ಒಂದು ಬೊಗಸೆ ಕಾಳನ್ನು ನೆಲದಲ್ಲೇ ಬಿಟ್ಟು ಎದ್ದಾಗ ಹಾಲೇಶ ನಿಲ್ಲಿಸುವ ಗುಂಡಿ ಒತ್ತಿದ; ಅದು "ಹೆಚ್ಚಾತು" ಎಂದು ಸುಮ್ಮನಾಯಿತು.

"ಮೊದಲಿಂದು ಚಲೋ ಇತ್ತು, ಬರೇ ಲಾಭ ಅಂತಿತ್ತು," ಎಂದು ಹನಮಪ್ಪ ಗೊಣಗಿದ. ಅವನ ಮಾತು ಯಾರಿಗೂ ಬೇಕಾಗಿರಲಿಲ್ಲ.

"ಪಾಸ್," ಎಂದರು ಮೇಡಂ. "ವರ್ಗದಾಗ ಎಲ್ಲಾರಕಿಂತ ಹೆಚ್ಚು ಅಂಕ ನಿನಗ."

ಮಂದಿ ಹಾಲೇಶನ ತಲೆಗೆ ಪಟಗ ಸುತ್ತಿ ಹೆಗಲ ಮೇಲೆ ಎತ್ತಿದರು. ಗೆದ್ದ ಹೋರಿಯಂತೆ ಅವನ ಎದೆ ಉಬ್ಬಿತು. ಇವತ್ತಿಗೆ ಆ ಲ್ಯಾಬಿನ ಋಣ ಹರಿಯಿತು ಎಂದುಕೊಂಡ.

ಕಾಕಾನಿಗೆ ಖುಷಿ ತಡೆಯಲಿಲ್ಲ. "ಬಾಯಾರ, ಇದರ ಮುಂದಿನ ಪಾಠ ಐತೇನ್ರಿ?"

"ಐತ್ರಿ. ಬೇಕಾದವ್ರಿಗೆ ಅಷ್ಟ. ಎರಡು ವರ್ಷದ್ದು. ಅಂಜಿ ಇನ್ನೂ ಯಾರೂ ಹೆಸರು ಹಚ್ಚಿಲ್ಲ."

"ನಮ್ಮ ಹುಡುಗಂದು ಹಚ್ಚರಿ." ಕಾಕಾ ಬಗ್ಗಿ ಕಡಲೆಯ ಮೇಲೆ ಕೈಯಿಟ್ಟ. "ರಾಶಿ ಮುಟ್ಟಿ ಹೇಳ್ತೀನಿ, ಇಂವಾ ಪೂರಾ ಕಲೀತಾನ."

ರಾಶಿ ಮುಟ್ಟಿ ಆಡಿದ ಮಾತನ್ನು ಆ ಊರಲ್ಲಿ ಹಿಂದೆ ತಗೊಂಡವರಿಲ್ಲ. ಹೆಗಲ ಮೇಲಿದ್ದ ಹಾಲೇಶ ಬಾಯಿ ತೆರೆದ, ಮುಚ್ಚಿದ, ಮತ್ತೆ ತೆರೆದ. ಕಣ್ಣಲ್ಲಿ ನೀರು ತುಂಬಿತು.

"ನೋಡ್ರಿ ಬಾಯಾರ," ಎಂದಳು ಗಾಳೆವ್ವ, "ಕೂಸಿಗೆ ಸಂತೋಷಕ್ಕ ಮಾತ ಹೊರಡವಲ್ದು."